ಈಥರಣ್ಣನ ಮೂಗು

ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾಗಲಿಲ್ಲ. ವಿದ್ಯಾರ್ಥಿಗಳಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಅವರು ಈಥರಣ್ಣ. ಹಾಗೆ ಕರೆದರೆ ಅವರಿಗೆ ಒಳಗೊಳಗೇ ಖುಷಿ.

ಈಥರ್ ಎಂದರೆ ನೀರಿನ ಹಾಗೆ ಕಾಣುವ, ಸಿಹಿ ವಾಸನೆಯ ದ್ರಾವಕ. ನೋಡಲು ಬಲು ಸಾಧು, ಆದರೆ ಅಂಗೈಯ ಬಿಸಿಗೇ ಕುದಿಯಲು ತಯಾರು. ಅದರ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹೋಗದೆ ನೆಲ ಹಿಡಿದು ಹರಿಯುತ್ತದೆ, ಬಾಗಿಲ ಸಂದಿಯಲ್ಲಿ ನುಸುಳಿ ಆಚೆ ಕೋಣೆಯಲ್ಲಿ ಉರಿಯುತ್ತಿರುವ ಬರ್ನರನ್ನು ಮುಟ್ಟುತ್ತದೆ. ಬರ್ನರೂ ಬೇಡ, ಸ್ವಿಚ್ ಒತ್ತಿದಾಗ ಒಳಗೆ ಹುಟ್ಟುವ ಕಿಡಿಯೇ ಸಾಕು. ನಾನು ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ಮುಕ್ಕಾಲು ಗಂಟೆ ಪಾಠ ಮಾಡುತ್ತಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಈಥರಣ್ಣ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ನೋಡ್ರಪ್ಪಾ, ಇದು ಕದ್ದು ಹೋಗಿ ಬೆಂಕೀನ ಮನೆಗೆ ಕರ್ಕೊಂಡು ಬರುತ್ತೆ." ಆಮೇಲೆ ಯಾರೂ ಆಕಳಿಸುತ್ತಿರಲಿಲ್ಲ.

ಸ್ಟೋರಿನ ಕಂದು ಸೀಸೆಗಳು ಅವರ ಉಸ್ತುವಾರಿಯಲ್ಲಿದ್ದವು. ಸೀಸೆ ತೆರೆದ ದಿನವೇ ಅದರ ಮೇಲೆ ತಾರೀಖು ಬರೆಯಬೇಕು. ತೆರೆದಿಟ್ಟ ಈಥರ್ ಹಳೆಯದಾದರೆ ಮುಚ್ಚಳದ ಸುತ್ತ ಹರಳು ಕಟ್ಟುತ್ತದೆ, ತಿರುಗಿಸಲು ಹೋದರೆ ಕೈಯಲ್ಲೇ ಸಿಡಿಯುತ್ತದೆ. ಒಮ್ಮೆ ಹೊರಗಿನಿಂದ ಬಂದ ದೊಡ್ಡ ಪ್ರೊಫೆಸರ್ ಒಬ್ಬರು ಅಂಥ ಸೀಸೆಗೆ ಕೈ ಹಾಕಿದಾಗ ಈಥರಣ್ಣ ಅವರ ಮಣಿಕಟ್ಟನ್ನೇ ಹಿಡಿದು ನಿಲ್ಲಿಸಿದರು. ಪ್ರೊಫೆಸರ್ ಕೆಂಡಾಮಂಡಲ. ನಮ್ಮವರು ಮಾತ್ರ ಹಿಡಿದ ಕೈ ಬಿಡಲಿಲ್ಲ.

ಆದರೆ ಅವರ ನಿಜವಾದ ಬಂಡವಾಳ ಮೂಗು. ದಿನಾ ಬೆಳಿಗ್ಗೆ ಎಂಟೂವರೆಗೆ, ಬೇರೆ ಯಾರೂ ಬರುವ ಮೊದಲು, ಸ್ಟೋರಿನ ಬಾಗಿಲನ್ನು ಒಂದು ಗೇಣು ತೆರೆದು ನಿಂತು ಮೂಸುತ್ತಿದ್ದರು. ಸಡಿಲವಾದ ಮುಚ್ಚಳ, ಸೀಳು ಬಿಟ್ಟ ಸೀಸೆ, ಎಲ್ಲವೂ ಅಲ್ಲೇ ಸಿಕ್ಕಿಬೀಳುತ್ತಿದ್ದವು. ವಾಸನೆ ಬಂದರೆ ಸ್ವಿಚ್ ಮುಟ್ಟುವಂತಿಲ್ಲ. ಮೊದಲು ಕಿಟಕಿ ಬಾಗಿಲು ತೆರೆಯಬೇಕು, ಆಮೇಲೆ ಉಳಿದದ್ದು. ಒಂದು ದಿನ ನಾನು ಬರ್ನರ್ ಹಚ್ಚಿಕೊಂಡು ಕೂತಿದ್ದಾಗ ಕಾರಿಡಾರಿನಿಂದ "ಆರಿಸಿ ಮೇಡಂ, ಆರಿಸಿ!" ಎಂದು ಕೂಗುತ್ತಾ ಓಡಿ ಬಂದರು. ಪಕ್ಕದ ಕೋಣೆಯಲ್ಲಿ ಯಾರೋ ಮಹಾಶಯ ಉಳಿದ ಈಥರನ್ನು ಸಿಂಕಿಗೆ ಸುರಿದಿದ್ದ. ನಾನು ಮೊದಲು ಬೈದದ್ದು, ಹಾಗೆ ಕೂಗಿದ್ದಕ್ಕೆ ಈಥರಣ್ಣನನ್ನು. ಥ್ಯಾಂಕ್ಸ್ ಹೇಳುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನನ್ನ ಸ್ವಭಾವವೇ ಹಾಗೆ, ಏನು ಮಾಡಲಿ.

ಮುಂದೆ ಒಂದು ವರ್ಷ ಕಚೇರಿಯಿಂದ ಫೈಲು ಬಂತು. ಆವಿ ಸೋರಿದರೆ ಗಂಟೆ ಬಾರಿಸುವ ಯಂತ್ರ ತರಿಸಬೇಕೇ, ಸ್ಟೋರಿನ ಒಳಗಿರುವ ಸ್ವಿಚ್ಚನ್ನು ಹೊರಗೆ ಹಾಕಿಸಬೇಕೇ ಎಂದು ಕೇಳಿದ್ದರು. ನಾನು, ವಿಭಾಗದ ಮುಖ್ಯಸ್ಥೆ, ಬರೆದೆ: "ಅನುಭವಿ ಸಿಬ್ಬಂದಿ ಇದ್ದಾರೆ. ಸದ್ಯಕ್ಕೆ ಅಗತ್ಯವಿಲ್ಲ." ಕೆಳಗೆ ಸಹಿ ಹಾಕಿದೆ. ಈಥರಣ್ಣನನ್ನು ಹೊಗಳಿದೆ ಎಂದೇ ಅಂದುಕೊಂಡಿದ್ದೆ.

ಅವರ ಹೆಂಡತಿ ನಮ್ಮಲ್ಲೇ ಕಾರಿಡಾರು ಗುಡಿಸಿ ಒರೆಸುವ ಕೆಲಸದಲ್ಲಿದ್ದರು. ಮಕ್ಕಳಿಲ್ಲ. ಮಾತು ಕಡಿಮೆ, ನಗು ಜಾಸ್ತಿ. ಒಂದು ವರ್ಷ ಈಥರಣ್ಣ ಜ್ವರ ಬಂದು ಮೂರು ವಾರ ಮಲಗಿದರು. ಎದ್ದು ಬಂದ ಮೇಲೆ ಬೆಳಗಿನ ಪಹರೆ ಇಬ್ಬರದ್ದಾಯಿತು. ಅವರು ಬಾಗಿಲು ತೆರೆಯುವುದು, ಆಕೆ ಪೊರಕೆ ಹಿಡಿದು ಪಕ್ಕದಲ್ಲಿ ನಿಲ್ಲುವುದು.

"ಏನು ಈಥರಣ್ಣ, ಈ ವಯಸ್ಸಲ್ಲೂ ಒಂದ್ನಿಮಿಷ ಬಿಟ್ಟಿರೋಕಾಗಲ್ವಾ?" ಎಂದು ನಾನೇ ರೇಗಿಸಿದ್ದೆ. ಅವರು ತಲೆ ತಗ್ಗಿಸಿ ನಕ್ಕಿದ್ದರು. ನಾಚಿಕೆ ಎಂದುಕೊಂಡೆ. ಎಂಥ ದಡ್ಡಿ ನಾನು.

ಮೂರು ದಿನ ರಜೆ ಕಳೆದ ಸೋಮವಾರ ಬೆಳಿಗ್ಗೆ ಸ್ಟೋರಿನಲ್ಲಿ ಬೆಂಕಿ ಎದ್ದಿತು. ಕೆಳಗಿನ ಸಾಲಿನ ಸೀಸೆಯೊಂದು ಬುಡದಲ್ಲಿ ಸೀಳಿ, ಮುಚ್ಚಿದ ಕೋಣೆಯ ನೆಲದ ತುಂಬಾ ಆವಿ ನಿಂತಿತ್ತು. ಈಥರಣ್ಣನ ಹೆಂಡತಿ ಒಳಗೆ ಹೋಗಿ ಸ್ವಿಚ್ ಒತ್ತಿದರು. ಬಾಗಿಲಲ್ಲಿದ್ದ ಈಥರಣ್ಣ ಬೆಂಕಿಯೊಳಗೆ ನುಗ್ಗಿ ಆಕೆಯನ್ನು ಎಳೆದು ತಂದು ಕಂಬಳಿ ಸುತ್ತಿದರು. ಅವರ ಎರಡೂ ಕೈ ಮೊಣಕೈವರೆಗೆ ಸುಟ್ಟವು. ಆಕೆ ಆಸ್ಪತ್ರೆಯಲ್ಲಿ ಆರು ದಿನ ಇದ್ದು ತೀರಿಕೊಂಡರು.

ವಿಚಾರಣೆ ಪ್ರಿನ್ಸಿಪಾಲರ ಕೋಣೆಯಲ್ಲಿ ನಡೆಯಿತು. ಉದ್ದ ಮೇಜು, ನಾಲ್ಕು ಕುರ್ಚಿ, ಅದರಲ್ಲೊಂದರಲ್ಲಿ ನಾನು, ಬಾಗಿಲ ಹತ್ತಿರ ಒಂದು ಸ್ಟೂಲಿನ ಮೇಲೆ ಬ್ಯಾಂಡೇಜು ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಈಥರಣ್ಣ. ವರದಿಯ ಕರಡು ಆಗಲೇ ತಯಾರಿತ್ತು. ಗುಡಿಸುವಾಕೆ ಅನುಮತಿಯಿಲ್ಲದೆ ಸ್ಟೋರಿನೊಳಗೆ ಹೋದದ್ದು, ನಿರ್ಲಕ್ಷ್ಯದಿಂದ ಸ್ವಿಚ್ ಒತ್ತಿದ್ದು. ಸತ್ತವರ ತಲೆಗೆ ಕಟ್ಟಿದರೆ ಬದುಕಿದವರೆಲ್ಲ ಪಾರು.

"ಸುಳ್ಳು ಸಾರ್," ಎಂದು ಈಥರಣ್ಣ ಎದ್ದು ನಿಂತರು. "ಅವಳಾಗಿ ಹೋಗ್ಲಿಲ್ಲ. ನಾನೇ ಕರ್ಕೊಂಡು ಹೋಗ್ತಿದ್ದೆ. ಎಂಟು ತಿಂಗಳಿಂದ ದಿನಾ."

"ಯಾಕೆ?" ಎಂದರು ಪ್ರಿನ್ಸಿಪಾಲರು.

"ನಂಗೆ ವಾಸನೆ ಬರಲ್ಲ ಸಾರ್. ಆ ಜ್ವರದಲ್ಲಿ ಹೋಗಿದ್ದು ವಾಪಸ್ ಬರಲೇ ಇಲ್ಲ. ಹಾಲು ಸೀದ್ರೂ ಗೊತ್ತಾಗಲ್ಲ."

ಪ್ರಿನ್ಸಿಪಾಲರು ಕರಡನ್ನು ಪಕ್ಕಕ್ಕೆ ಸರಿಸಿದರು.

"ಯಾರಿಗೂ ಹೇಳ್ಲಿಲ್ಲ. ಮೂಗು ಹೋದ್ಮೇಲೆ ಈ ಈಥರಣ್ಣ ಯಾರಿಗೆ ಬೇಕು ಅಂತ. ಅವಳೇ ಅಂದ್ಲು, 'ನಾನು ಮೂಸಿ ಹೇಳ್ತೀನಿ ಬಿಡಿ ರೀ' ಅಂತ. ಅವತ್ತೂ ಕೇಳ್ದೆ, ಏನಾದ್ರೂ ಬರ್ತಿದೆಯೇನೇ ಅಂತ. ಇಲ್ಲ ಅಂದ್ಲು. ನಾನೇ ದೀಪ ಹಾಕು ಅಂದೆ."

ಆಮೇಲೆ ಅವರೇ ಮುಂದುವರಿಸಿದರು. "ಆಸ್ಪತ್ರೇಲಿ ಹೇಳಿದ್ಲು ಸಾರ್. ಅವಳಿಗೆ ಎರಡು ದಿನದಿಂದ ನೆಗಡಿಯಾಗಿ ಮೂಗು ಕಟ್ಕೊಂಡಿತ್ತಂತೆ. ಹೇಳಿದ್ರೆ ನಾನು ಇನ್ನೊಬ್ಬರನ್ನ ಕರೀಬೇಕಾಗುತ್ತೆ, ಗುಟ್ಟು ರಟ್ಟಾಗುತ್ತೆ ಅಂತ ಹೇಳಿರಲಿಲ್ಲ. ತಪ್ಪು ನಂದು ಅಂತ ಬರ್ಕೊಳ್ಳಿ. ಅವಳ ಹೆಸರು ಹಾಕ್ಬೇಡಿ."

ಹಾಗೇ ಬರೆದುಕೊಂಡರು. ನನ್ನ ಸಹಿಯಿದ್ದ ಹಾಳೆ ಅದೇ ಮೇಜಿನ ಮೇಲಿನ ಫೈಲಿನಲ್ಲಿತ್ತು. ಯಾರೂ ಅದನ್ನು ತೆರೆಯಲಿಲ್ಲ, ನಾನೂ ತುಟಿ ಪಿಟಕ್ಕೆನ್ನಲಿಲ್ಲ. ಇಡೀ ಕಾಲೇಜಿಗೆ ಬಾಯಿ ಮಾಡುವವಳು ಆ ಒಂದು ಗಂಟೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ. ಈಥರಣ್ಣನನ್ನು ಕೆಲಸದಿಂದ ತೆಗೆದರು. ಗಂಟೆ ಬಾರಿಸುವ ಯಂತ್ರ ನಾಲ್ಕೇ ದಿನದಲ್ಲಿ ಬಂತು. ಸ್ವಿಚ್ಚೂ ಹೊರಗೆ ಬಂತು.

ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ಒಂದು ಕೋಣೆ, ಒಂದು ಅಡುಗೆಮನೆ. ಕೈಯ ಗಾಯ ಮಾಗಿ ಚರ್ಮ ಬಿಗಿದುಕೊಂಡಿತ್ತು. ಬೆರಳು ಪೂರ್ತಿ ಮಡಚಲು ಆಗುತ್ತಿರಲಿಲ್ಲ. ಕೂತ ಕೂಡಲೇ ಫೈಲಿನ ವಿಷಯ ಹೇಳಿಬಿಟ್ಟೆ. ಅವರು ಬೈಯಲಿ ಎಂದೇ ಹೋಗಿದ್ದೆ.

"ಗೊತ್ತಿತ್ತು ಮೇಡಂ," ಎಂದರು. "ಆ ಫೈಲು ನಿಮ್ಮ ಹತ್ರ ಸಹಿಗೆ ತಂದೋನು ನಾನೇ ಅಲ್ವಾ? ವಾಪಸ್ ಒಯ್ಯುವಾಗ ಓದ್ದೆ. ಅವತ್ತು ಮನೆಗೆ ಬಂದು ಅವಳ ಹತ್ರ ಎಷ್ಟು ಜಂಬ ಕೊಚ್ಚಿಕೊಂಡೆ ಗೊತ್ತಾ?"

ನನಗೆ ಅಳು ತಡೆಯಲಾಗಲಿಲ್ಲ. ಅವರು ಎದ್ದು ಹೋಗಿ ನೀರು ತಂದರು. ಆಮೇಲೆ ಗೋಡೆಯ ಮೊಳೆಗೆ ನೇತುಹಾಕಿದ್ದ ಬೂದು ಸ್ವೆಟರನ್ನು ಇಳಿಸಿ ನನ್ನ ಮುಂದೆ ಹಿಡಿದರು. ತೋಳು ಹಿಗ್ಗಿದ, ಹೆಂಗಸಿನ ಸ್ವೆಟರು.

"ಒಂದು ಉಪಕಾರ ಮಾಡಿ ಮೇಡಂ. ಇದನ್ನ ಒಗೆದಿಲ್ಲ. ವಾಸನೆ ಉಳಿದಿದೆಯಾ ನೋಡಿ ಹೇಳಿ. ನಂಗೆ ಗೊತ್ತಾಗಲ್ಲ."

ಲ್ಯಾಬಿನಲ್ಲಿ ಯಾರೂ ಸೀಸೆಗೆ ಮೂಗು ಹಚ್ಚಿ ಮೂಸುವುದಿಲ್ಲ, ದೂರ ಹಿಡಿದು ಕೈಯಿಂದ ಬೀಸಿಕೊಳ್ಳುತ್ತೇವೆ. ನಾನು ಅಭ್ಯಾಸಬಲದಿಂದ ಹಾಗೇ ಬೀಸಿಕೊಂಡೆ.

"ಹಾಗಲ್ಲ ಮೇಡಂ," ಎಂದರು. "ಇದೇನು ಉರಿಯಲ್ಲ. ಹತ್ತಿರ ಹಿಡ್ಕೊಳ್ಳಿ."

ಮುಖಕ್ಕೆ ಒತ್ತಿಕೊಂಡೆ. ಎದೆಯ ಭಾಗದಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಇದೆ ಎಂದು ಸುಮ್ಮನೆ ಹೇಳಿಬಿಡಬಹುದಿತ್ತು. ಆದರೆ ಮೂಸದೆ ಹೇಳುವುದು ಇನ್ನು ನನ್ನಿಂದಾಗದು. ತೋಳು ತಿರುಗಿಸಿ ಮಣಿಕಟ್ಟಿನ ಅಂಚನ್ನು ಮೂಸಿದೆ.

"ತೋಳಿನ ತುದೀಲಿ ಸ್ವಲ್ಪ ಫಿನೈಲ್ ವಾಸನೆ ಇದೆ," ಎಂದೆ. "ಅಷ್ಟೇ."

ಅವರ ಮುಖ ಅರಳಿತು. "ಅದೇ ಮೇಡಂ, ಅದೇ! ಮನೆಗೆ ಬಂದ ಮೇಲಾದ್ರೂ ತೊಳ್ಕೊಳ್ಳೇ ಅಂತ ದಿನಾ ಬೈತಿದ್ದೆ ಅವಳಿಗೆ."

ಹೇಳುತ್ತಲೇ ಅವರು ಇನ್ನೊಂದು ತೋಳನ್ನೂ ಎತ್ತಿ ನನ್ನ ಕಡೆ ಹಿಡಿದರು.

"ಇದರಲ್ಲೂ ಇದೆಯಾ ನೋಡಿ," ಎಂದರು.