ಯಾರಿಗೆ ಬರ್ತದೆ ತೊಂಬತ್ತೊಂಬತ್ತು?

ನಮ್ಮ ಪಕ್ಕದ ಮನೆಯ ಗಿರಿಜಾ ಗಣಿತದ ಪರೀಕ್ಷೆಗೆ ಹೋಗಿಯೇ ಇರಲಿಲ್ಲವಂತೆ. ಹಾಗೆಂದು ಕಂಪ್ಯೂಟರ್ ಹೇಳಿದೆ.

ಸುಳ್ಳು! ಆ ದಿನ ಬೆಳಿಗ್ಗೆ ಲೋಕಲ್ ರೈಲು ಕೈಕೊಟ್ಟಿತ್ತು. ಮಾಟುಂಗದಲ್ಲಿ ಬಸ್ಸು ಹತ್ತಿಸಿ, ಪರೀಕ್ಷೆಯ ಹಾಲ್ ಬಾಗಿಲವರೆಗೆ ಬಿಟ್ಟುಬಂದವನು ನಾನೇ. (ಆಫೀಸಿಗೆ ಲೇಟಾಗಿ ಬೈಸಿಕೊಂಡವನೂ ನಾನೇ.) ಆದರೂ ಇಂಟರ್ ಸೈನ್ಸ್ ಮಾರ್ಕ್‌ಶೀಟಿನಲ್ಲಿ ಗಣಿತದ ಮುಂದೆ ‘ಆಬ್ಸೆಂಟ್’. ಕೆಳಗೆ ‘ಫೇಲ್’.

ಗಿರಿಜಾಳ ತಂದೆ ಬಸಪ್ಪನವರು ಧಾರವಾಡದ ಕಡೆಯವರು, ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಮೊದಲೇ ಹೇಳಿಬಿಟ್ಟಿದ್ದರು: ಪಾಸಾದರೆ ಪಾರ್ಲೆಯಲ್ಲಿ ಬಿ.ಎಸ್ಸಿ., ಫೇಲಾದರೆ ಬೆಳಗಾವಿಯ ವರ. ವರ ಕಾಯುತ್ತಾನೆ. ಕಾಲೇಜು ಕಾಯುತ್ತದೆಯೇ? ಅಡ್ಮಿಶನ್‌ಗೆ ಶನಿವಾರವೇ ಕಡೆ.

ಶುಕ್ರವಾರ ಮೂವರೂ ಫೋರ್ಟ್‌ನ ಪರೀಕ್ಷಾ ಆಫೀಸಿಗೆ ಹೋದೆವು. ಕೌಂಟರಿನವನು ತಲೆಯನ್ನೂ ಎತ್ತದೆ, “ಮಶೀನ್ ಗಲತೀ ನಹೀ ಕರತಾ” ಎಂದ. ಮಶೀನ್ ತಪ್ಪು ಮಾಡುವುದೇ ಇಲ್ಲವಂತೆ!

“ಮೈ ಬೈಠೀ ಥೀ ನಾ!” ಪರೀಕ್ಷೆಗೆ ಕೂತಿದ್ದೆನೆಂದು ಗಿರಿಜಾ ಅತ್ತೇಬಿಟ್ಟಳು.

ನಾನು ಕೂಗಾಡಿದೆ. ಗದ್ದಲ ಕೇಳಿ ಒಳಗಿನಿಂದ ಪ್ರೋಗ್ರಾಮ್ ಬರೆಯುವ ಯುವಕ ಬಂದ. ನಮ್ಮವನೇ, ಮಂಗಳೂರು ಕಡೆಯವನು. ಉತ್ತರ ಪತ್ರಿಕೆ ತರಿಸಿ ನೋಡಿದ. ಮುಖ ಸಣ್ಣಗಾಯಿತು.

“ಎಂತ ಆಯ್ತು ಅಂದ್ರೆ ಸಾರ್, ಇವರಿಗೆ ತೊಂಬತ್ತೊಂಬತ್ತು ಬಂದಿದೆ.”

“ಬಂದರೆ?”

“ತೂತು ಹೊಡೆದು ಮಶೀನಿಗೆ ಹಾಕುವ ಪಂಚ್ ಕಾರ್ಡಿನಲ್ಲಿ ಮಾರ್ಕಿಗೆ ಎರಡೇ ಅಂಕಿಯ ಜಾಗ. ಆಬ್ಸೆಂಟ್ ಅಂತ ಬೇರೆ ಹಾಕ್ಲಿಕ್ಕೆ ಜಾಗ ಇಲ್ಲ. ಹಾಗಾಗಿ ತೊಂಬತ್ತೊಂಬತ್ತು ಇದ್ರೆ ಆಬ್ಸೆಂಟ್ ಅಂತ ಇಟ್ಟದ್ದು. ಅಷ್ಟು ಯಾರಿಗೆ ಬರ್ತದೆ ಸಾರ್? ಎಲ್ಲ ಕಡೆ ಹೀಗೇ ಮಾಡುವುದು. ನಾನು ಮೊದಲಿದ್ದ ಕಂಪನಿಯಲ್ಲೂ ಹೀಗೇ.”

(ನೂರು ಬಂದವರ ಗತಿ ಏನೆಂದು ಕೇಳುವ ಧೈರ್ಯ ನನಗಾಗಲಿಲ್ಲ.)

ಪಿತ್ತ ನೆತ್ತಿಗೇರಿದ್ದು ಈ ‘ಎಲ್ಲ ಕಡೆ’ ಕೇಳಿ. ತಪ್ಪು ಯಾರಿಂದಲೂ ಆಗುತ್ತದೆ. ಆದರೆ ಎಲ್ಲರೂ ಮಾಡುತ್ತಾರೆಂದು ಅದೇ ತಪ್ಪನ್ನು ಕಂಪನಿಯಿಂದ ಕಂಪನಿಗೆ ಹೊತ್ತು ತಿರುಗುವುದೇ? ನಮ್ಮ ಬಿಲ್ಡಿಂಗಿನ ನಲ್ಲಿ ಸೋರಿದರೆ ಬಟ್ಟೆ ಸುತ್ತುತ್ತೇವೆ. ಅದು ನೆನೆದರೆ ಮೇಲೆ ಇನ್ನೊಂದು ಬಟ್ಟೆ. ವಾಶರ್ ಬದಲಿಸುವವರಿಲ್ಲ. ಅದೇ ಬುದ್ಧಿ ಏರ್‌ಕಂಡೀಶನ್ ರೂಮಿನಲ್ಲಿ ಕುಳಿತರೆ ಅದಕ್ಕೆ ‘ಸಿಸ್ಟಮ್’ ಎಂದು ಹೆಸರು!

ಒಳಗಿನ ಸಾಹೇಬರು ಪರಿಹಾರ ಹೇಳಿ ಕಳಿಸಿದರು. ಏನು ಗೊತ್ತೇ? ಒಂದು ಮಾರ್ಕು ಕಡಿಮೆ ಮಾಡುವುದು! ತೊಂಬತ್ತೆಂಟು ಎಂದು ಹೊಸ ಕಾರ್ಡು ಹಾಕಿದರೆ ಮಶೀನ್ ಪಾಸ್ ಮಾಡುತ್ತದಂತೆ. ಪೆನ್ನಿನಲ್ಲಿ ತಿದ್ದಿ ಸಹಿ ಹಾಕಿ ಎಂದೆ. ಮಶೀನ್ ಶೀಟಿನ ಮೇಲೆ ಪೆನ್ನು ಆಡಿಸುವಂತಿಲ್ಲವಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಮಾತು ಕೇಳಿದ್ದೇವೆ. ಇಲ್ಲಿ ನೆಗಡಿ ಅವರದು, ಮೂಗು ಗಿರಿಜಾಳದು.

“ಮುಂದಿನ ವರ್ಷ ಏನು ಮಾಡುತ್ತೀರಿ?” ಯುವಕನನ್ನು ಕೇಳಿದೆ.

“ಆಬ್ಸೆಂಟ್‌ಗೆ ಸೊನ್ನೆ ಇಡ್ತೇವೆ ಸಾರ್.”

“ಬರೆದೂ ಸೊನ್ನೆ ಬಂದವರಿಗೆ?”

ಯುವಕ ಉತ್ತರ ಪತ್ರಿಕೆ ಎತ್ತಿಕೊಂಡು ಒಳಗೆ ನಡೆದ.

ನಾನು ಸಾಹೇಬರ ರೂಮಿಗೇ ನುಗ್ಗುವವನಿದ್ದೆ. ಬಸಪ್ಪನವರು ಕೈ ಹಿಡಿದರು. “ಬಿಡ್ರಿ ರಾಯರ, ಒಂದ್ ಮಾರ್ಕಿಗೆ ಏನ್ ಜಗಳಾ ತಗೀತೀರಿ? ಹುಡುಗಿ ಪಾಸಾದ್ಲಲ್ರಿ. ನಾಳೆ ಕಾಲೇಜಿಗೆ ಹಚ್ಚೋಣ.”

ಅವರ ಮಾತು ಸರಿ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಹುಡುಗಿಯ ಓದು ಉಳಿಯಬೇಕಾದರೆ ಅವಳ ಮಾರ್ಕು ಕದ್ದವರಿಗೇ ಥ್ಯಾಂಕ್ಸ್ ಹೇಳಿ ಬರಬೇಕು. ಹೇಳಿ ಬಂದೆವು.

ಲೋಕಲ್‌ನಲ್ಲಿ ಗಿರಿಜಾ ಹೊಸ ಮಾರ್ಕ್‌ಶೀಟ್ ಹಿಡಿದು ಕಿಟಕಿಯ ಪಕ್ಕ ಕುಳಿತಿದ್ದಳು. ದಾದರ್ ಬಂದಾಗ ನನ್ನ ಕಡೆ ತಿರುಗಿ, “ಅಂಕಲ್, ಬಿ.ಎಸ್ಸಿ.ಲಿ ನಾನು ಬೇಕಂತಲೇ ಒಂದು ಲೆಕ್ಕ ಛೋಡ್ ದೂಂಗಿ. ಸೇಫ್ ಅಲ್ಲಾ?” ಎಂದಳು.

ಯಂತ್ರಕ್ಕೆ ಎಣಿಸುವುದನ್ನು ಕಲಿಸಲಾರದವರು ನಮ್ಮ ಹುಡುಗಿಗೆ ಎಂಥ ಪಾಠ ಕಲಿಸಿದರು, ನೋಡಿದಿರಾ?