ಕುರಮೊಚಿಯವರ ಸಾರು, ಊರವರ ಬಾಯಾರಿಕೆ

ಜಪಾನಿನ ಕಿತಕತ ಊರಿನ ನಮ್ಮ ಬೀದಿಯಲ್ಲಿ ಬೆಳಗ್ಗೆ ಏಳಕ್ಕೇ ರಾಮೆನ್, ಅಂದರೆ ಬಿಸಿ ಸಾರಿನ ನೂಡಲ್ಸು, ಬಡಿಸುವ ಕುರಮೊಚಿ ಝೆನ್‌ಜಿಯವರ ಅಂಗಡಿಯಲ್ಲಿ ಇರುವುದು ಎಂಟು ಸ್ಟೂಲು, ಒಂದು ಸಿಡುಕು. ಸಿಡುಕು ಯಜಮಾನರದೇ, ಆದರೆ ಎಲ್ಲರಿಗೂ ಧಾರಾಳವಾಗಿ ಹಂಚುತ್ತಾರೆ. ನೂಡಲ್ಸನ್ನು ಸುರ್ರೆಂದು ಎಳೆಯಬೇಕು. ಸದ್ದಿಲ್ಲದೆ ತಿಂದವನನ್ನು ಕದ್ದು ತಿಂದವನಂತೆ ನೋಡುತ್ತಾರೆ. ಕೊನೆಗೆ ಬಟ್ಟಲೆತ್ತಿ ತಳದ ಸಾರನ್ನೂ ಮುಗಿಸಬೇಕು. ನಲವತ್ತು ವರ್ಷದಿಂದ ಬರಿದಾದ ಬಟ್ಟಲೇ ಅವರ ಪದಕ.

ಅರವತ್ತೊಂಬತ್ತನೇ ವಯಸ್ಸಿನಲ್ಲಿ ಬಂದ ನೆಗಡಿ ಹೋಗುವಾಗ ಅವರ ನಾಲಿಗೆಯ ರುಚಿಯನ್ನೂ, ಮೂಗಿನ ವಾಸನೆಯನ್ನೂ ಜೊತೆಗೇ ಕರೆದೊಯ್ದಿತು. ಅದೊಂದು ಅವರಿಗೆ ಮಾತ್ರ ತಿಳಿಯಲಿಲ್ಲ. ಸಾರು ಸಪ್ಪೆ ಎನಿಸಿದಾಗಲೆಲ್ಲ ಇನ್ನೊಂದು ಸೌಟು ಸೋಯಾ ಸಾಸ್ ಬಿತ್ತು. ನಮಗೆ ಮೊದಲ ಗುಟುಕಿಗೇ ತಿಳಿಯಿತು. ಆದರೆ ನಾವು ಸಭ್ಯರು. ಬಾಯಿ ಬಿಟ್ಟು ಹೇಳುವುದಕ್ಕಿಂತ ಕಿಡ್ನಿ ಬಿಡುವುದು ಲೇಸು. ಕಣ್ಣು ಮುಚ್ಚಿ ತಳ ಮುಟ್ಟಿಸಿದೆವು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ, ಹೂಜಿಗಳು ಖಾಲಿಯಾದವು.

"ಈ ಸಲ ಬೇಸಿಗೆ ಬೇಗ ಬಂತು ಕಣೇ," ಎಂದರು ಕುರಮೊಚಿ. ಹೊರಗೆ ಹಿಮ ಬೀಳುತ್ತಿತ್ತು.

ಹೆಂಡತಿ ತೊಮಿಯೆ ಹೂಜಿಗಳನ್ನು ಮತ್ತೆ ತುಂಬಿಸಿದರು.

"ಸಾರು ಹೇಗಿದೆ ಇಸೊಗಾಯಿಯವ್ರೇ?" ಎಂದು ಕುರಮೊಚಿ ಕೇಳಿದರು.

ಅಂಚೆ ಕಚೇರಿಯಿಂದ ನಿವೃತ್ತರಾದ ಇಸೊಗಾಯಿ ನಾಲ್ಕನೇ ಲೋಟ ನೀರು ಇಳಿಸಿದರು. "ಸಾರಿಗೆ ಒಂಥರಾ ಧೈರ್ಯ ಬಂದಿದೆ ಯಜಮಾನ್ರೇ."

ಮರುವಾರ ಇಸೊಗಾಯಿಯ ಬಿಪಿಗೂ ಧೈರ್ಯ ಬಂದು, ಡಾಕ್ಟರು ಅಂಗಡಿಯನ್ನೇ ನಿಷೇಧಿಸಿದರು. ಒಂದೊಂದಾಗಿ ಐದು ಸ್ಟೂಲು ಖಾಲಿ ಬಿದ್ದವು.

"ಈ ಊರಿನ ನಾಲಿಗೆಯೇ ಕೆಟ್ಟಿದೆ," ಎಂದು ಕುರಮೊಚಿ ತೀರ್ಪು ಕೊಟ್ಟರು. "ಹೀಗಾದ್ರೆ ಅಂಗಡಿ ಮುಚ್ಚಬೇಕಷ್ಟೆ."

ಅಂದು ತೊಮಿಯೆ ಗಂಡನನ್ನೇ ಸ್ಟೂಲಿನ ಮೇಲೆ ಕೂರಿಸಿ, ಹಬೆಯಾಡುವ ಬಟ್ಟಲಿಟ್ಟರು. ಕಂದು ಬಣ್ಣ, ಮೇಲೆ ತೇಲುವ ಎಣ್ಣೆ, ಹದವಾದ ನೂಡಲ್ಸು. ಪಕ್ಕದಲ್ಲಿ ಕೂತಿದ್ದ ನಾನು ಚಾಪ್‌ಸ್ಟಿಕ್ ಕೆಳಗಿಟ್ಟೆ. ಕುರಮೊಚಿ ಸುರ್ರೆಂದು ಎಳೆದರು, ಬಟ್ಟಲೆತ್ತಿ ತಳದವರೆಗೆ ಕುಡಿದರು.

"ಇದು! ಇದು ನಮ್ಮಪ್ಪನ ಸಾರು! ಇದರಲ್ಲಿ ಯಾವನಿಗೇನು ಕೊರತೆ ಕಂಡಿತೋ!"

"ಅದು ಬಾರ್ಲಿ ಚಹಾ ಕಣ್ರೀ."

ಕುರಮೊಚಿ ಖಾಲಿ ಬಟ್ಟಲನ್ನು ಮೂಗಿಗೆ ಹಿಡಿದು ಮೂಸಿದರು, ಮತ್ತೊಮ್ಮೆ ಮೂಸಿದರು. ಆಮೇಲೆ ಎದ್ದು, ಸೌಟನ್ನು ಹೆಂಡತಿಯ ಕೈಗೆ ಕೊಟ್ಟರು.

ಸಾರು ಸರಿಹೋಯಿತೆಂಬ ಸುದ್ದಿ ಬೀದಿ ದಾಟಲು ನಾನೂ ಸ್ವಲ್ಪ ಕೈ ಹಚ್ಚಿದೆ. ಹತ್ತು ದಿನದಲ್ಲಿ ಇಸೊಗಾಯಿ ಡಾಕ್ಟರಿಗೆ ತಿಳಿಯದಂತೆ ಬಂದು, ಒಂದು ಲೋಟವನ್ನೂ ಮುಟ್ಟದೆ ಬಟ್ಟಲು ಬರಿದು ಮಾಡಿದರು.

"ನಲವತ್ತು ವರ್ಷದಲ್ಲಿ ನೀವು ಇಂಥ ಸಾರು ಮಾಡೇ ಇರಲಿಲ್ಲ ಬಿಡಿ, ಯಜಮಾನ್ರೇ!"

ಕುರಮೊಚಿಯವರ ಕಿವಿ ಕೆಂಪಾಯಿತು. ಹಲ್ಲು ಕಚ್ಚಿಕೊಂಡು, ಥ್ಯಾಂಕ್ಸ್ ಎಂದು ತಲೆ ಬಾಗಿಸಿದರು.

"ಇನ್ನೊಂಚೂರು ಬಗ್ಗಿ," ಎಂದರು ತೊಮಿಯೆ, ಹಿಂದಿನಿಂದ, ಸಾರಿನಲ್ಲಿ ಸೌಟಾಡಿಸುತ್ತಾ.