ಲತೀಫ್ ಬಸ್ಸು ಸರಿಸಿದ ಸಂಜೆ

ನಾಲ್ಕೂ ಕಡೆ ಕಡಲಿರುವ ಗಲ್ಫ್ ದೇಶದಲ್ಲಿ ಇದ್ದುಕೊಂಡು, ಇಪ್ಪತ್ತಾರು ವರ್ಷದಿಂದ ಕಡಲ ನೀರಿಗೆ ಕಾಲಬೆರಳನ್ನೂ ತಾಗಿಸದ ಮನುಷ್ಯನೊಬ್ಬ ಮುಹರ್ರಕ್‌ನಲ್ಲಿದ್ದಾನೆ. ಹೆಸರು ಅಬ್ದುಲ್ ಲತೀಫ್. ಊರು ಉಳ್ಳಾಲ, ಬ್ಯಾರಿ ಮುಸಲ್ಮಾನ. ಮನೆಯ ಹಿಂದೆಯೇ ಅಲೆ ಬಡಿಯುತ್ತಿದ್ದ ಜಾಗದಲ್ಲಿ ಹುಟ್ಟಿದವ. ಕೆಲಸ, ಮೂವತ್ತು ಸೀಟಿನ ಬಿಳಿ ಬಸ್ಸು ಓಡಿಸುವುದು.

ವಾರವಿಡೀ ಕಂಪೆನಿಯ ಜನರನ್ನು ಸಾಗಿಸುತ್ತಾನೆ. ಅಲ್ಲಿನ ರಜಾದಿನವಾದ ಶುಕ್ರವಾರ ಬೆಳಿಗ್ಗೆ ಮಾತ್ರ ನಮ್ಮ ಕಡೆಯ ಕ್ರಿಶ್ಚನ್ನರನ್ನು ಇಗರ್ಜಿಗೆ ಕರೆದುಕೊಂಡು ಹೋಗಿ ಬರುವುದು ಅವನ ಪಾಲಿಗೆ ಬಂದದ್ದು. ತಿಂಗಳಿಗೊಮ್ಮೆ ಯಾರದ್ದಾದರೂ ಫ್ಲ್ಯಾಟಿನಲ್ಲಿ ತೇರ್ಸ್ ಇರುತ್ತದೆ, ಜಪಮಾಲೆಯ ಪ್ರಾರ್ಥನೆ. ಲತೀಫ್ ಕೆಳಗೆ ಬಸ್ಸಿನಲ್ಲಿ ಕೂತು ಕಿಟಕಿಯಿಂದ ಬರುವ ಸ್ವರ ಕೇಳುತ್ತಾನೆ. ಕೇಳಿ ಕೇಳಿ ಎಷ್ಟು ಬಾಯಿಪಾಠವಾಗಿದೆ ಎಂದರೆ, ಹತ್ತು ಹತ್ತು ಮಣಿಗಳ ಐದು ಹತ್ತುಗಳು ಮುಗಿದು ಕೊನೆಯ ಸ್ತುತಿ, ಲದಿನ್, ಶುರುವಾಯಿತೋ ಇಲ್ಲವೋ, ಇವನ ಕೈ ಏಸಿಯ ಸ್ವಿಚ್ಚಿಗೆ ಹೋಗುತ್ತದೆ. ಜನ ಇಳಿದು ಬರುವಾಗ ಬಸ್ಸು ತಣ್ಣಗಿರುತ್ತದೆ.

ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಆ ಗುಂಪು ಒಂದು ರಾತ್ರಿಯ ಮಟ್ಟಿಗೆ ಕಡಲಕರೆಗೆ ಹೋಗುತ್ತದೆ. ಎಲ್ಲರೂ ನೀರಿಗಿಳಿದರೆ ಲತೀಫ್ ಬಸ್ಸಿನ ಬೆನ್ನನ್ನು ಕಡಲಿಗೆ ಹಾಕಿ ನಿಲ್ಲಿಸಿ, ಒಳಗೆ ಕೂತು ಸುಲೈಮಾನಿ ಚಹಾ ಕುಡಿಯುತ್ತಾನೆ. ನಗುವವರು ನಗುತ್ತಾರೆ. ಇವನೂ ನಗುತ್ತಾನೆ.

ಈ ವರ್ಷ ಜಾಗ ಗೊತ್ತುಮಾಡಿದ್ದು ಫ್ಲಾವಿಯಾ ಬಾಯಿ. ಗುಂಪಿನ ಮುಂದಾಳು ಆಕೆಯೇ, ಮೂವತ್ತು ವರ್ಷ ನರ್ಸ್ ಆಗಿದ್ದವರು. ದಕ್ಷಿಣದ ಕಡೆ ಹೊಸದಾಗಿ ಎದ್ದ ಕಾಟೇಜುಗಳು. ಜಾಗದ ಹೆಸರು ಕೇಳಿ ಲತೀಫ್ ಒರೆಸಿದ ಸ್ಟಿಯರಿಂಗನ್ನೇ ಮತ್ತೆ ಒರೆಸಿದ.

"ಬಾಯಿ, ಬೇರೆ ಕಡೆ ನೋಡಿದ್ರೆ ಆಗ್ತಿತ್ತು."

"ಯಾಕೆ, ನಿಮ್ಮ ಬಸ್ಸಿಗೆ ದಾರಿ ಇಲ್ವಾ ಅಲ್ಲಿಗೆ?"

"ದಾರಿ ಉಂಟು."

"ಮತ್ತೆ?"

"ಮತ್ತೆ ಏನಿಲ್ಲ."

ಏನಿಲ್ಲ ಎಂದದ್ದು ಸುಳ್ಳು. ಈ ದೇಶಕ್ಕೆ ಬಂದ ಮೊದಲ ಎರಡು ವರ್ಷ ಲತೀಫ್ ಡ್ರೈವರ್ ಆಗಿರಲಿಲ್ಲ. ಅದೇ ಕರೆಯಲ್ಲಿ ಅಬು ಯಾಕೂಬ್ ಎಂಬ ಮುದುಕನ ಹದ್ರಾದಲ್ಲಿ ಕೆಲಸಕ್ಕಿದ್ದ. ಹದ್ರಾ ಎಂದರೆ ಕಡಲಿನೊಳಗೆ ಕಲ್ಲು ಜೋಡಿಸಿ, ಕೋಲು ನೆಟ್ಟು ಕಟ್ಟಿದ ಬೇಲಿ. ಭರತದಲ್ಲಿ ಒಳಗೆ ಬಂದ ಮೀನು ಇಳಿತದಲ್ಲಿ ಸಿಕ್ಕಿಬೀಳುತ್ತದೆ, ಆಗ ನಡೆದುಕೊಂಡೇ ಹೋಗಿ ಹಿಡಿದು ತರುವುದು. ಅವನ ಜೊತೆಗೆ ಗಂಗೊಳ್ಳಿಯ ಹಿಶಾಮ್ ಎಂಬ ಹುಡುಗನಿದ್ದ, ಇಬ್ಬರಿಗೂ ಒಂದೇ ಪ್ರಾಯ, ಒಂದೇ ಚಾಪೆ. ಒಂದು ಬೆಳಿಗ್ಗೆ ತೆಳು ಮಂಜಿನಲ್ಲಿ ಹಿಶಾಮ್ ಕಡಲಲ್ಲಿ ಹೋದ. ಹೇಗೆ ಹೋದ ಎಂದು ಲತೀಫ್ ಯಾರಿಗೂ ಹೇಳಿಲ್ಲ. ಊರಲ್ಲಿರುವ ಹೆಂಡತಿ ಝುಬೈದಾಗೂ ಹೇಳಿಲ್ಲ.

ಶುಕ್ರವಾರ ಪೂಜೆ ಮುಗಿಸಿ ಹೊರಟ ಹತ್ತೊಂಬತ್ತು ಜನ ಮಧ್ಯಾಹ್ನಕ್ಕೆ ಅಲ್ಲಿ ಇಳಿದರು. ಗಾಳಿಯಲ್ಲಿ ದೂಳು ತುಂಬಿ ಸೂರ್ಯ ಹಳೇ ಪಾವಲಿಯ ಹಾಗೆ ಕಾಣುತ್ತಿತ್ತು. ಕಡಲು ಇರಲೇ ಇಲ್ಲ. ಇಳಿತದಲ್ಲಿ ಹಿಂದೆ ಸರಿದು, ಕಣ್ಣು ಹೋದಷ್ಟು ದೂರ ಬೂದು ಬಣ್ಣದ ಹೊಯಿಗೆ, ಬರೀ ಮರಳು. ಕಾಟೇಜಿನ ಎದುರಲ್ಲೇ, ದಡಕ್ಕೆ ಸಮನಾಗಿ ಕಾಲುವೆಯ ಹಾಗೆ ಒಂದು ತೋಡು ಹಾದುಹೋಗಿತ್ತು. ಅದರಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಬಡಗಿನ ಕಡೆ ಅರ್ಧ ಮೈಲಿ ಹೋದರೆ, ದಡದಿಂದ ಕಡಲಿನೊಳಕ್ಕೆ ಚಾಚಿದ ಹಳೇ ಹದ್ರಾದ ಕಲ್ಲುಸಾಲು. ತೋಡು ಅಲ್ಲಿಗೆ ಮುಗಿಯುತ್ತಿತ್ತು.

ಫ್ಲಾವಿಯಾ ಬಾಯಿಯ ಗಂಡ ರೊನಾಲ್ಡ್ ಹೊಯಿಗೆಯಲ್ಲಿ ಎರಡು ಹೆಜ್ಜೆ ಹೋಗಿ, ಬಗ್ಗಿ, ಬೆರಳಿನಿಂದ ಕೆದಕಿದರು. ಎದ್ದು ನಿಂತಾಗ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ಮರುವಾಯಿ," ಎಂದರು. "ಫ್ಲೇವಿ, ಬಕೆಟ್ ಕೊಡು. ತೆಂಗಿನಕಾಯಿ ತುರಿದು ಇಡು. ನಾಳೆ ಸುಕ್ಕ."

ಉದ್ಯಾವರದ ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಬೆಳೆದ ಮನುಷ್ಯ. ತಡೆಯುವುದು ಹೇಗೆ? ಫೋನ್ ಒದ್ದೆಯಾಗಬಾರದೆಂದು ಹೆಂಡತಿಯ ಕೈಗೆ ಕೊಟ್ಟು, ಪ್ಯಾಂಟ್ ಮಡಚಿ ಹೊರಟರು. ಬಸ್ಸಿನ ಹತ್ತಿರ ಬಂದು ಅದರ ಬೆನ್ನಿಗೆ ತಟ್ಟಿದರು.

"ಬ್ಯಾರಿಗಳೇ, ಊರಲ್ಲಿ ನಾವು ದಡದ ತೆಂಗಿನಮರಕ್ಕೆ ಗುರುತು ಇಡುದು. ಎಲ್ಲಿಗೆ ಹೋದ್ರೂ ಅದನ್ನೇ ನೋಡಿಕೊಂಡು ನೇರ ವಾಪಸ್. ಇಲ್ಲಿ ಮರ ಇಲ್ಲ. ನಿಮ್ಮ ಬಸ್ಸೇ ನನ್ನ ಗುರುತು. ನಾನು ಬರುವ ತನಕ ಅಲುಗಾಡಿಸ್ಬೇಡಿ."

"ಹೆಚ್ಚು ದೂರ ಹೋಗ್ಬೇಡಿ, ಪೊರ್ಬುಗಳೇ. ಆಗಾಗ ಹಿಂದೆ ತಿರುಗಿ ನೋಡಿ. ಇಲ್ಲಿ ನೀರು ಎದುರಿಂದ ಬರುದಿಲ್ಲ," ಎಂದ ಲತೀಫ್. ಊರಲ್ಲಿ ಕ್ರಿಶ್ಚನ್ನರನ್ನು ಪೊರ್ಬುಗಳೇ ಎಂದೇ ಕರೆಯುವುದು.

"ಕಾಲು ಒದ್ದೆ ಮಾಡದವರು ನನಗೆ ನೀರಿನ ವಿಷಯ ಹೇಳ್ತೀರಾ?"

ಎಲ್ಲರೂ ನಕ್ಕರು. ಲತೀಫ್ ನಗಲಿಲ್ಲ. ಅಂದು ಅವನು ಚಹಾವನ್ನೂ ಕುಡಿಯಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಹಿಂದಿನ ಗಾಜಿನಿಂದ ಬಗ್ಗಿದ ಆ ಬೆನ್ನು ಸಣ್ಣದಾಗುತ್ತಾ ಹೋಗುವುದನ್ನೇ ನೋಡಿದ.

ಮೂರು ಗಂಟೆ. ನಾಲ್ಕು ಗಂಟೆ. ಒಂದು ಚಿಪ್ಪಿನ ಮುಂದೆ ಇನ್ನೊಂದು ಚಿಪ್ಪು, ಬಗ್ಗಿದವರು ತಲೆ ಎತ್ತಲಿಲ್ಲ. ಕಡಲಿನ ಕಡೆ ಒಂದು ಅಲೆಯೂ ಇಲ್ಲ, ಸದ್ದೂ ಇಲ್ಲ. ಆದರೆ ದಡದ ಬಳಿಯ ತೋಡಿನ ಬಣ್ಣ ಬದಲಾಯಿತು. ಬೂದು ಇದ್ದದ್ದು ಮೊದಲು ಹಸಿರಾಯಿತು, ಆಮೇಲೆ ಕಪ್ಪು. ಲತೀಫ್ ಇಳಿದು ಓಡಿ ಹೋಗಿ ನೋಡಿದ. ಹಿಮ್ಮಡಿಯ ನೀರು ಈಗ ಆಳಿನ ಎತ್ತರ ಇತ್ತು. ತೆಂಕಿನಿಂದ ಬಡಗಿಗೆ, ಕೆಳಗಿನ ಕೆಸರನ್ನು ಎಳೆದುಕೊಂಡು ಓಡುತ್ತಿತ್ತು. ರೊನಾಲ್ಡ್ ಇದ್ದದ್ದು ಅದರ ಆಚೆ, ಅರ್ಧ ಮೈಲಿ ದೂರದಲ್ಲಿ.

ಅವನು ಹೇಳುವ ಮೊದಲೇ ಫ್ಲಾವಿಯಾ ಬಾಯಿ ಕಂಡಿದ್ದರು. ಅವರ ಮುಖ ನೋಡಿ ಉಳಿದವರೂ ಎದ್ದರು. ಗುಂಪಿನ ಹುಡುಗ ಆಂತೋನಿ ಕೋಸ್ಟ್ ಗಾರ್ಡಿಗೆ ಫೋನ್ ಹಚ್ಚಿದ. ದೋಣಿ ಬರಲು ಮುಕ್ಕಾಲು ಗಂಟೆ ಬೇಕೆಂದರು. ಮಿಕ್ಕವರು ಟವೆಲ್, ಬೆಡ್‌ಶೀಟ್ ಬೀಸಿ ಒಂದೇ ಸಮನೆ ಕರೆಯತೊಡಗಿದರು. "ಈಚೆ ಬನ್ನಿ, ರೊನ್ನಿ ಅಂಕಲ್, ಈಚೆ."

ರೊನಾಲ್ಡ್ ತಲೆ ಎತ್ತಿದರು. ಬಕೆಟ್ಟನ್ನು ಹೆಗಲಿಗೇರಿಸಿ, ತಮ್ಮ ಗುರುತು ನೋಡಿಕೊಂಡು, ಬಸ್ಸಿನ ಕಡೆಗೆ ನೇರ ನಡೆಯತೊಡಗಿದರು. ನೇರ ಎಂದರೆ ತೋಡಿನ ನಡುವಿಗೆ.

ಲತೀಫ್ ಫ್ಲಾವಿಯಾ ಬಾಯಿಯ ಎದುರು ನಿಂತ.

"ಬಾಯಿ, ಕರೆಯುದು ನಿಲ್ಲಿಸಿ."

"ಏನು ಹೇಳ್ತಿದ್ದೀರಿ ನೀವು?"

"ಅವರು ಇಲ್ಲಿಗೆ ಬರಬಾರದು. ತೋಡಿನೊಳಗೆ ಇಳಿದ್ರೆ ಕೆಸರು ಕಾಲು ಬಿಡುದಿಲ್ಲ. ಹಿಶಾಮ್ ಅಂತ ನನ್ನ ದೋಸ್ತಿ ಒಬ್ಬ ಇದ್ದ. ಇದೇ ಜಾಗ. ನಾನು ಇಲ್ಲಿ ನಿಂತು ಮುಂಡಾಸು ಬೀಸಿ ಕರೆದೆ. ಅವನು ನನ್ನನ್ನೇ ನೋಡ್ತಾ ಸೀದಾ ಬಂದ." ಲತೀಫ್ ಬಡಗಿನ ಕಡೆ ಕೈ ತೋರಿಸಿದ. "ನಾನು ಕರೆಯದೆ ಇದ್ದಿದ್ರೆ ಕಲ್ಲುಸಾಲಿಗೆ ಹೋಗ್ತಿದ್ದ, ಅಲ್ಲಿ ಕಾಲಿಗೆ ಕಲ್ಲು ಸಿಗ್ತದೆ. ಈಗ ನಾನು ಬಸ್ಸನ್ನು ಅಲ್ಲಿಗೆ ತಗೊಂಡು ಹೋಗ್ತೇನೆ. ಇಲ್ಲಿ ಲೈಟ್ ಬೇಡ, ಕೈ ಬೀಸುದು ಬೇಡ. ಇವರನ್ನೆಲ್ಲ ಸುಮ್ಮನೆ ಕೂರಿಸಿ."

ಅಷ್ಟು ಹೇಳಿ ಬಸ್ಸು ಹತ್ತಿದ. ಬಸ್ಸು ಅಲುಗಾಡಿದ್ದೇ ತಡ, ಆಂತೋನಿ ಅಡ್ಡ ಓಡಿದ. "ಬ್ಯಾರಿಗೆ ತಲೆ ಕೆಟ್ಟಿದೆಯಾ? ಅದೇ ಅವರ ಗುರುತಲ್ವಾ?"

"ಬಿಡಿ ಅವರನ್ನು," ಎಂದರು ಫ್ಲಾವಿಯಾ ಬಾಯಿ.

ಹೆದರಿದ ಹದಿನೇಳು ಜನರನ್ನು ಸುಮ್ಮನಾಗಿಸುವುದು ಹೇಗೆ? ಬೈದರೆ ಆಗುವುದಿಲ್ಲ, ಬೇಡಿಕೊಂಡರೂ ಆಗುವುದಿಲ್ಲ. ಆಕೆ ಕುತ್ತಿಗೆಯಿಂದ ಜಪಮಾಲೆ ತೆಗೆದು, ಕಡಲಿಗೆ ಬೆನ್ನು ಹಾಕಿ ಹೊಯಿಗೆಯಲ್ಲಿ ಮೊಣಕಾಲೂರಿದರು. ಹಣೆಗೆ ಶಿಲುಬೆಯ ಗುರುತು ಹಾಕಿ ತೇರ್ಸ್ ಶುರುಮಾಡಿದರು. ಹುಟ್ಟಿದಾಗಿನಿಂದ ಬಂದ ಅಭ್ಯಾಸ: ಮುಂದಾಳು ಶುರುಮಾಡಿದ ಮೇಲೆ ಯಾರೂ ನಿಂತಿರುವುದಿಲ್ಲ. ಒಬ್ಬೊಬ್ಬರ ಕೈಯಿಂದ ಟವೆಲ್ ಜಾರಿತು, ಒಬ್ಬೊಬ್ಬರೇ ಮೊಣಕಾಲೂರಿದರು. ಯಾರೋ ಜಗಲಿಯ ಲೈಟ್ ಆರಿಸಿದರು. ಗಂಡ ಇರುವ ದಿಕ್ಕಿಗೆ ಆಕೆ ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಕರೆಯುತ್ತಿದ್ದರು.

ಕಲ್ಲುಸಾಲಿನ ತುದಿಯಲ್ಲಿ ಲತೀಫ್ ಬಸ್ಸನ್ನು ಕಡಲಿಗೆ ಮುಖಮಾಡಿ ನಿಲ್ಲಿಸಿ, ಇದ್ದಬದ್ದ ದೀಪವನ್ನೆಲ್ಲ ಹಾಕಿದ. ಹಾರನ್ ಮಾಡಲಿಲ್ಲ, ದೂಳಿನ ಗಾಳಿಯಲ್ಲಿ ಸದ್ದಿನ ದಿಕ್ಕು ಯಾರಿಗೂ ತಿಳಿಯುವುದಿಲ್ಲ.

ರೊನಾಲ್ಡ್ ನಿಂತಿದ್ದರು. ನೀರು ಅವರ ತೊಡೆಯವರೆಗೆ ಬಂದಿತ್ತು. ಬಸ್ಸು ಇದ್ದ ಜಾಗವನ್ನು ನೋಡಿದರು, ಬಸ್ಸು ಹೋದ ಜಾಗವನ್ನು ನೋಡಿದರು. ಬೈಯುತ್ತಿದ್ದರೋ ಏನೋ, ಒಂದು ಕೈ ಮೇಲೆದ್ದು ಇಳಿಯಿತು. ಮತ್ತೆ ನಾಲ್ಕು ಹೆಜ್ಜೆ ತೋಡಿನ ಕಡೆಗೇ ಹಾಕಿದರು. ಮತ್ತೆ ನಿಂತರು. ಅಷ್ಟರಲ್ಲಿ ದೂಳು ಇಳಿದು ಬಂದು ಅವರನ್ನು ಮುಚ್ಚಿಬಿಟ್ಟಿತು.

ಇನ್ನು ಉಳಿದದ್ದು ಕಿವಿ ಮಾತ್ರ. ದೂರದಿಂದ ಗಾಳಿಯ ಜೊತೆ ತೇರ್ಸಿನ ಸ್ವರ ತೆಳ್ಳಗೆ ಬರುತ್ತಿತ್ತು. ಮೂರನೆಯ ಹತ್ತು ಮುಗಿಯಿತು. ನಾಲ್ಕನೆಯದೂ ಮುಗಿಯಿತು. ಐದನೆಯದು ಮುಗಿದಾಗ ಎದುರಿಗಿದ್ದ ಕಲ್ಲುಗಳಲ್ಲಿ ಅರ್ಧ ಕಾಣೆಯಾಗಿದ್ದವು. ಲದಿನ್ ಶುರುವಾಯಿತು. ಲತೀಫನ ಕೈ ತನ್ನಷ್ಟಕ್ಕೆ ಏಸಿಯ ಸ್ವಿಚ್ಚಿಗೆ ಹೋಗಿ, ಅಲ್ಲೇ ನಿಂತಿತು.

ಅವನು ಬಾಗಿಲು ತೆರೆದು ಇಳಿದ. ಚಪ್ಪಲಿ ಕಳಚಿಟ್ಟು ಕಲ್ಲಿನ ಮೇಲೆ ಕಾಲಿಟ್ಟ. ನೀರು ಪಾದಕ್ಕೆ ತಾಗಿತು, ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಹಿಶಾಮನನ್ನು ಮುಚ್ಚಿದ್ದ ಅದೇ ನೀರು, ಬೆಚ್ಚಗೂ ಅಲ್ಲ, ತಣ್ಣಗೂ ಅಲ್ಲ. ಕಲ್ಲುಸಾಲಿನ ಕೊನೆಯ ಕಲ್ಲನ್ನು ಕಾಲಿನಿಂದ ತಡವಿ, ಅದರ ಮೇಲೆ ನಿಂತು ಕೈ ಚಾಚಿದ. ಹೆಸರು ಹಿಡಿದು ಕರೆಯಲು ಬಾಯಿ ತೆರೆದ. ಕರೆಯಲಾಗಲಿಲ್ಲ.

ಎಷ್ಟು ಹೊತ್ತೋ. ದೂಳಿನೊಳಗೆ ಚಿಪ್ಪುಗಳು ಕಲಕಿದ ಸದ್ದಾಯಿತು. ಮೊದಲು ಬಕೆಟ್ ಕಂಡಿತು, ಆಮೇಲೆ ಅದನ್ನು ತಲೆಯ ಮೇಲೆ ಹೊತ್ತ ಕೈ, ಆಮೇಲೆ ಎದೆಮಟ್ಟದ ನೀರಿನಲ್ಲಿ, ಬಸ್ಸಿನ ದೀಪಕ್ಕೆ ಮುಖಮಾಡಿ ಬರುತ್ತಿದ್ದ ರೊನಾಲ್ಡ್. ಲತೀಫ್ ಅವರ ಮಣಿಕಟ್ಟು ಹಿಡಿದು ಕಲ್ಲಿನ ಮೇಲಕ್ಕೆ ಎಳೆದ.

"ಬಸ್ಸು ಅಲುಗಾಡಿಸ್ಬೇಡಿ ಅಂತ ಹೇಳಿದ್ದೆ ನಾನು," ಎಂದರು ರೊನಾಲ್ಡ್. ಹಲ್ಲು ಕಟಕಟ ಎನ್ನುತ್ತಿತ್ತು.

"ಹೌದು, ಪೊರ್ಬುಗಳೇ. ತಪ್ಪಾಯ್ತು."

ಮರುದಿನ ಇಳಿತದಲ್ಲಿ ತೋಡು ಮತ್ತೆ ಹಿಮ್ಮಡಿಯಷ್ಟೇ ಇತ್ತು, ಏನೂ ಅರಿಯದ ಹಾಗೆ. ರೊನಾಲ್ಡ್ ಅದರ ಬದಿಯಲ್ಲಿ ಬಹಳ ಹೊತ್ತು ನಿಂತು, ಒಂದು ಉದ್ದ ಕೋಲನ್ನು ಕೆಸರಿಗೆ ಚುಚ್ಚಿದರು. ಕೋಲು ಇಳಿಯಿತು, ಇನ್ನೂ ಇಳಿಯಿತು, ಕೈಗೆ ವಾಪಸ್ ಬರಲಿಲ್ಲ. ಅವರು ಬಕೆಟ್ ತಂದು ಚಿಪ್ಪುಗಳನ್ನೆಲ್ಲ ಹೊಯಿಗೆಗೆ ಸುರಿದರು. ತುರಿದಿಟ್ಟ ತೆಂಗಿನಕಾಯಿಯ ಬಗ್ಗೆ ಫ್ಲಾವಿಯಾ ಬಾಯಿಯೂ ಏನೂ ಕೇಳಲಿಲ್ಲ.

"ಆ ಹಿಶಾಮನಿಗೆ ಊರಲ್ಲಿ ಯಾರಿದ್ದಾರೆ?" ಎಂದು ಮಾತ್ರ ಆಕೆ ಲತೀಫನನ್ನು ಕೇಳಿದರು, ಬಸ್ಸು ಹತ್ತುವಾಗ.

"ತಾಯಿ ಇದ್ದಾರೆ. ನಾನು ಹೋಗಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುದು?"

"ಈ ಸಲ ರಜೆಯಲ್ಲಿ ಹೋಗಿ. ನಾವೂ ಬರ್ತೇವೆ."

ಲತೀಫ್ ಸ್ಟಿಯರಿಂಗಿನ ಎದುರು ಕೂತ. ಕನ್ನಡಿಯಲ್ಲಿ ಹಿಂದೆ ನೋಡಿದ. ತೋಡಿನಲ್ಲಿ ನೀರು ಸದ್ದಿಲ್ಲದೆ ಹೊಳೆಯತೊಡಗಿತ್ತು.

"ಎಲ್ಲರೂ ಹತ್ತಿದ್ರಾ, ಬಾಯಿ?"

"ಎಲ್ಲರೂ ಇದ್ದಾರೆ. ಹೊರಡಿ."